ಸಹಾಯ ಬೇಕು: ಎಐ ಇಮೇಜ್ ಸ್ಟಾಕ್‌ಗೆ ಹಾಕೋ ಮುಂಚೆ ಹೆಂಗೆ ಸರಿ ಮಾಡ್ತೀರ?

ಎಲ್ರಿಗೂ ನಮಸ್ಕಾರ, ದಾವಣಗೆರೆಯಿಂದ ಬರೀತಿದೀನಿ. ಎರಡು ತಿಂಗಳಿಂದ ಎಐನಲ್ಲಿ ಇಮೇಜ್ ಮಾಡಿ ಒಂದು ಸ್ಟಾಕ್ ಸೈಟಿಗೆ (ಫೋಟೋ, ಇಮೇಜ್ ಮಾರೋ ವೆಬ್‌ಸೈಟಿಗೆ) ಹಾಕ್ತಿದೀನಿ, ಎಐದು ಅಂತ ಟಿಕ್ ಮಾಡೇ ಹಾಕೋದು, ಆದ್ರೂ ಹೋದ ವಾರ 20ರಲ್ಲಿ 17 ಕ್ವಾಲಿಟಿ ಸರಿ ಇಲ್ಲ ಅಂತ ರಿಜೆಕ್ಟ್ ಆಗ್ಬಿಟ್ವು.

ಅದ್ರಲ್ಲಿ ನಂಗೆ ತುಂಬಾ ಇಷ್ಟ ಇದ್ದಿದ್ದು ಬೆಣ್ಣೆ ದೋಸೆ ಸೆಟ್ಟು. ಕಟ್ಟಿಗೆ ಒಲೆ, ಹಂಚು, ದೋಸೆ ಮಗುಚ್ತಿರೋ ಅಜ್ಜಿ. ಮೊಬೈಲಲ್ಲಿ ಚೆನ್ನಾಗೇ ಕಾಣ್ತಿತ್ತು, ಲ್ಯಾಪ್‌ಟಾಪಲ್ಲಿ 200% ಝೂಮ್ ಮಾಡಿದ್ಮೇಲೆ ನೋಡ್ತೀನಿ ಅಜ್ಜಿ ಕೈಗೆ ಆರು ಬೆರಳು, ಬಳೆ ಚರ್ಮದೊಳಗೇ ಸೇರ್ಕೊಂಡಿದೆ, ಹಿಂದಿನ ಬೋರ್ಡಲ್ಲಿ ಕನ್ನಡದ ಥರ ಕಾಣೋ ಆದ್ರೆ ಯಾವ ಭಾಷೆನೂ ಅಲ್ಲದ ಅಕ್ಷರ. ದೋಸೇನೂ ನಮ್ಮೂರಿಂದಲ್ಲ, ಸುರುಳಿ ಸುತ್ತಿದ ಪೇಪರ್ ದೋಸೆ! ನಮ್ದು ಸಣ್ಣದು, ಪಕ್ಕದಲ್ಲಿ ಬೆಳ್ಳಗಿರೋ ಆಲೂಗಡ್ಡೆ ಪಲ್ಯ ಇರ್ಬೇಕು. ಹೊರಗಿನೋರಿಗೆ ಗೊತ್ತಾಗಲ್ಲ ಅಂತ ಬಿಡೋಕೆ ಮನಸ್ಸು ಬರ್ತಿಲ್ಲ, ದಾವಣಗೆರೆ ಅಂತ ಟ್ಯಾಗ್ ಹಾಕಿ ತಪ್ಪು ದೋಸೆ ಮಾರೋದು ಸರಿ ಅಲ್ಲ.

ಬೋರ್ಡಿನ ಅಕ್ಷರ ಪೂರ್ತಿ ಅಳಿಸ್ದೆ. ಬೆರಳು ಫೋಟೋಶಾಪಲ್ಲಿ ಜನರೇಟಿವ್ ಫಿಲ್ (ಆರಿಸಿದ ಜಾಗನ ಎಐನಿಂದ ಹೊಸದಾಗಿ ತುಂಬೋ ಟೂಲ್) ಹಾಕಿ ಸರಿ ಮಾಡಿದ್ರೆ ಆ ಜಾಗ ಮಾತ್ರ ಮಬ್ಬಾಗಿ ತೇಪೆ ಹಾಕ್ದಂಗೆ ಕಾಣುತ್ತೆ. ಇನ್ನೊಂದು, ನಂಗೆ ಬರೋ ಇಮೇಜ್ 1024×1024, ಅಂದ್ರೆ ಸುಮಾರು 1 ಮೆಗಾಪಿಕ್ಸೆಲ್, ಸೈಟಿಗೆ ಕನಿಷ್ಠ 4 ಬೇಕು. ಎರಡೂ ಕಡೆ ಡಬಲ್ ಮಾಡಿ ಅಪ್‌ಸ್ಕೇಲ್ ಮಾಡಿದ್ರೆ (ಅಂದ್ರೆ ಸಾಫ್ಟ್‌ವೇರಲ್ಲಿ ಇಮೇಜ್ ದೊಡ್ಡದು ಮಾಡಿದ್ರೆ) ಸೈಜ್ ಸಾಕಾಗುತ್ತೆ ಆದ್ರೆ ಅಜ್ಜಿ ಮುಖದ ಸುಕ್ಕೆಲ್ಲ ಹೋಗಿ ಪ್ಲಾಸ್ಟಿಕ್ ಗೊಂಬೆ ಆಗ್ತಾರೆ.

ಈ ಕೆಲ್ಸ ಮಾಡೋ ಅಣ್ಣಂದಿರು ಅಕ್ಕಂದಿರು ಹೇಳಿ, ಮೊದ್ಲು ರಿಪೇರಿ ಮಾಡಿ ಆಮೇಲೆ ಅಪ್‌ಸ್ಕೇಲ್ ಮಾಡ್ಬೇಕಾ, ಇಲ್ಲ ಉಲ್ಟಾನಾ? ತೇಪೆ ಕಾಣದಂಗೆ ಗ್ರೇನ್ (ಫೋಟೋದಲ್ಲಿ ಕಾಣೋ ಸಣ್ಣ ಸಣ್ಣ ಚುಕ್ಕೆ) ಹಾಕ್ತೀರಾ? ಕೈ ಪೂರ್ತಿ ಕೆಟ್ಟಿದ್ರೆ ಸರಿ ಮಾಡೋದ್ಕಿಂತ ಹೊಸದಾಗಿ ಜನರೇಟ್ ಮಾಡೋದೇ ವಾಸಿನಾ? ಬೇಕಂದ್ರೆ ಝೂಮ್ ಮಾಡಿದ ಸ್ಕ್ರೀನ್‌ಶಾಟ್ ಹಾಕ್ತೀನಿ.