ಪದಚರ್ಚೆ: ಮೋಟರ್ ‘ಸುಟ್ಟಿದೆ’, ‘ಹೋಗಿದೆ’, ‘ಹಿಡಿದಿದೆ’ – ಎಲ್ಲ ಒಂದೆಯೇ?

ಪ್ರಶ್ನೆ

ಗೆಳೆಯರೇ, ಮರಗೆಲಸ ಕಲಿಯುವವರಿಗಾಗಿ ಬರೆದ ದುರಸ್ತಿ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇನೆ. ಅಧ್ಯಾಯ ಹಳೆಯ ಟೇಬಲ್ ಗರಗಸದ ಮೋಟರಿನದು: ಸಿಂಗಲ್ ಫೇಸ್, 1 ಎಚ್‌ಪಿ, 1440 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಬೆಲ್ಟಿನ ಮೂಲಕ ಬ್ಲೇಡು ತಿರುಗಿಸುವಂಥದ್ದು. ಒಂದೇ ಪುಟದಲ್ಲಿ ‘ಮೋಟರ್ ಸುಟ್ಟಿದ್ದರೆ’, ‘ಹೋಗಿದ್ದರೆ’, ‘ಹಿಡಿದುಕೊಂಡಿದ್ದರೆ’, ‘ಎಳೆಯದಿದ್ದರೆ’ ಎಂದು ನಾಲ್ಕು ಬಗೆಯ ಮಾತು ಬಂದಿದೆ. ಎಲ್ಲವನ್ನೂ ‘ಕೆಟ್ಟಿದ್ದರೆ’ ಎಂದು ಒಂದೇ ಮಾಡಬಹುದೇ? ‘ಕಂಡೆನ್ಸರ್’ (ವಿದ್ಯುತ್ತನ್ನು ಕೂಡಿಟ್ಟು ಮೋಟರ್ ಹೊರಡಲು ನೆರವಾಗುವ ಭಾಗ) ತೆಗೆದು ಪಠ್ಯಪುಸ್ತಕದ ‘ಧಾರಕ’ ಹಾಕಲೇ? ವೈಂಡಿಂಗ್ ಅಂದರೆ ಒಳಗಿನ ತಾಮ್ರದ ತಂತಿಸುರುಳಿ ಎಂದು ಗೊತ್ತು, ಆದರೆ ‘ವೈಂಡಿಂಗ್ ಅರ್ಥ್ ಆಗಿದೆ’ ಎಂಬ ವಾಕ್ಯವಂತೂ ನನಗೆ ಅರ್ಥ ಆಗಿಲ್ಲ.

ಉತ್ತರ 1

ದಯವಿಟ್ಟು ಒಂದೇ ಮಾಡಬೇಡಿ. ಆ ನಾಲ್ಕು ಕ್ರಿಯಾಪದಗಳೇ ಅಲ್ಲಿ ರೋಗಪತ್ತೆ. ‘ಕೆಟ್ಟಿದೆ’ ಅಂದರೆ ಏನನ್ನೂ ಹೇಳಿದಂತಾಗಲಿಲ್ಲ.

‘ಹಿಡಿದುಕೊಂಡಿದೆ’ ಎಂದರೆ ಶಾಫ್ಟು ಕೈಯಲ್ಲಿ ತಿರುಗಿಸಿದರೂ ತಿರುಗುವುದಿಲ್ಲ ಎಂದರ್ಥ. ದೋಷ ಕರೆಂಟಿನದಲ್ಲ, ಬೇರಿಂಗಿನದು. ಪ್ಲಗ್ ಕಿತ್ತು, ಬೆಲ್ಟ್ ಕಳಚಿ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಬೆಲ್ಟ್ ಕಳಚದೆ ನೋಡಿದರೆ ಬ್ಲೇಡಿನ ಕಡೆಯ ಬೇರಿಂಗಿನ ತಪ್ಪು ಮೋಟರಿನ ತಲೆಗೆ ಬರುತ್ತದೆ. ಪೂರ್ತಿ ಹಿಡಿಯುವ ಮೊದಲು ಬೇರಿಂಗು ‘ಗೊರಗೊರ’ ಅಂದಿರುತ್ತದೆ. ಈ ಅಳತೆಯ ಮೋಟರಿನಲ್ಲಿ ಹೆಚ್ಚಾಗಿ 6204 ಅಥವಾ 6205 ಸಂಖ್ಯೆಯ ಬೇರಿಂಗ್ ಇರುತ್ತದೆ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳವ್ಯಾಸ ಸಿಗುತ್ತದೆ: 04 ಅಂದರೆ 20 ಮಿಮೀ. ಗರಗಸಕ್ಕೆ ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಹಾಕಬೇಕು. ತಗಡಿನ ಮುಚ್ಚಳದ್ದಾದರೆ ಅದರ ಸಂದಿಯಲ್ಲಿ ಮರದ ಪುಡಿ ನುಗ್ಗಿ ಗ್ರೀಸನ್ನು ಹೀರಿಬಿಡುತ್ತದೆ.

‘ಹೋಗಿದೆ’ ಎನ್ನುವುದು ಬದಲಿಸಬಹುದಾದ ಬಿಡಿಭಾಗಕ್ಕೆ ಹೇಳುವ ಮಾತು: ಕಂಡೆನ್ಸರ್ ಹೋಗಿದೆ, ಬೇರಿಂಗ್ ಹೋಗಿದೆ, ಸ್ವಿಚ್ ಹೋಗಿದೆ. ಇಡೀ ಮೋಟರಿಗೆ ‘ಹೋಗಿದೆ’ ಅಂದರೆ ಅದು ಗಿರಾಕಿಯ ಭಾಷೆ, ಮೆಕ್ಯಾನಿಕ್ ಭಾಷೆಯಲ್ಲ. ಕೈಪಿಡಿಯಲ್ಲಿ ‘ಮೋಟರ್ ಹೋಗಿದ್ದರೆ’ ಎಂದಿರುವ ಕಡೆ ಯಾವ ಭಾಗ ಎಂದು ಬರೆದವರನ್ನು ಕೇಳಿ.

ಇಲ್ಲಿ ಕರಡಿನಲ್ಲಿ ಇಲ್ಲದ ಇನ್ನೊಂದು ಮಾತು ಸೇರಬೇಕು: ‘ಗುಂಯ್ ಅನ್ನುತ್ತೆ, ತಿರುಗಲ್ಲ’. ಶಾಫ್ಟು ಸಲೀಸು, ಕರೆಂಟ್ ಇದೆ, ಆದರೂ ಹೊರಡುವುದಿಲ್ಲ. ಹಾಗಾದರೆ ರನ್ನಿಂಗ್ ವೈಂಡಿಂಗ್ (ಓಡುವಷ್ಟು ಹೊತ್ತೂ ಕೆಲಸ ಮಾಡುವ ಸುರುಳಿ) ಜೀವಂತ, ಸ್ಟಾರ್ಟಿಂಗ್ ದಾರಿ (ಮೋಟರನ್ನು ಹೊರಡಿಸಲು ಕರೆಂಟ್ ಹರಿಯುವ ದಾರಿ) ಕಡಿದಿದೆ. ಆ ದಾರಿಯಲ್ಲಿ ಇರುವುದು ಮೂರೇ: ಸ್ಟಾರ್ಟಿಂಗ್ ವೈಂಡಿಂಗ್, ಕಂಡೆನ್ಸರ್, ಮತ್ತು ವೇಗ ಹಿಡಿದ ಮೇಲೆ ಅದನ್ನು ಬಿಡಿಸುವ ಸೆಂಟ್ರಿಫ್ಯೂಗಲ್ ಸ್ವಿಚ್. 1440ರ ಮೋಟರಿನಲ್ಲಿ ಈ ಸ್ವಿಚ್ ಸುಮಾರು 1100 ಆರ್‌ಪಿಎಂ ಹೊತ್ತಿಗೆ ಬಿಡುತ್ತದೆ. ಗರಗಸದ ಮೋಟರಿನಲ್ಲಿ ಮೊದಲ ಅನುಮಾನ ಸ್ವಿಚ್ಚಿನ ಮೇಲೇ ಇರಲಿ. ಪುಡಿ ಕೂತು ಕಾಂಟ್ಯಾಕ್ಟ್ ಸೇರದಿದ್ದರೆ ‘ಗುಂಯ್’, ಅಂಟಿಕೊಂಡು ಬಿಡದಿದ್ದರೆ ಕಂಡೆನ್ಸರ್ ಉಬ್ಬಿ ಒಡೆಯುತ್ತದೆ, ಅದರ ಹಿಂದೆಯೇ ಸ್ಟಾರ್ಟಿಂಗ್ ವೈಂಡಿಂಗೂ ಸುಡುತ್ತದೆ. ಮೋಟರ್ ಆಫ್ ಮಾಡಿದಾಗ ವೇಗ ಇಳಿಯುವ ಹೊತ್ತಿಗೆ ‘ಟಕ್’ ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ಸ್ವಿಚ್ ಬಿಚ್ಚಿ ನೋಡಿ. ಕನ್ನಡದ ಅನುಕರಣ ಪದಗಳು ಇಷ್ಟು ಕರಾರುವಾಕ್ಕಾಗಿ ದುಡಿಯುವ ಜಾಗ ಬೇರೆ ಕಡಿಮೆ. ಅವನ್ನು ‘ಶಬ್ದ ಬರುತ್ತದೆ’ ಎಂದು ತಿದ್ದಿ ಹಾಳು ಮಾಡಬೇಡಿ.

‘ಗುಂಯ್’ ಅನ್ನುವಾಗ ಗರಗಸದ ಸ್ವಿಚ್ಚನ್ನು ಆನ್ ಆಗಿಯೇ ಬಿಡಬಾರದು ಎಂಬ ಎಚ್ಚರಿಕೆಯೂ ಅಲ್ಲೇ ಇರಲಿ. ನಿಂತ ಮೋಟರ್ ತನ್ನ ಮೈಮೇಲಿನ ಪ್ಲೇಟಿನಲ್ಲಿ ಬರೆದ ಆಂಪಿಯರಿನ ಐದಾರು ಪಟ್ಟು ಎಳೆಯುತ್ತದೆ. ‘ಗುಂಯ್’ ಅನ್ನುವುದು ‘ಸುಟ್ಟಿದೆ’ ಆಗುವುದು ಹೀಗೆಯೇ.

‘ಸುಟ್ಟಿದೆ’ ಎಂಬುದನ್ನು ವೈಂಡಿಂಗಿಗೆ ಮಾತ್ರ ಮೀಸಲಿಡಿ. ವಾರ್ನಿಷ್ ಕಪ್ಪಾಗಿ, ಕಟ್ಟಿದ ದಾರ ಪುಡಿಯಾಗಿ, ಆ ಘಾಟು ವಾಸನೆ ಬಂದರೆ ಮಾತ್ರ ಅದು ಸುಟ್ಟಿದ್ದು. ಮುಂದಿನ ಕೆಲಸ ರಿವೈಂಡಿಂಗ್ (ತಂತಿ ಹೊಸದಾಗಿ ಸುತ್ತಿಸುವುದು), ಅಂದರೆ ಖರ್ಚು. ಹೊಸ ಕಂಡೆನ್ಸರ್ ಒಂದರಲ್ಲೇ ಮುಗಿಯಬೇಕಾದ್ದಕ್ಕೆ ‘ಸುಟ್ಟಿದೆ’ ಎಂಬ ಮಾತು ಬಿದ್ದರೆ ಒಳ್ಳೆಯ ತಾಮ್ರವನ್ನೂ ಕಿತ್ತು ಹಾಕುತ್ತಾರೆ.

‘ಎಳೆಯುತ್ತಿಲ್ಲ’ ಬೇರೆಯೇ ಕತೆ. ಖಾಲಿ ತಿರುಗುತ್ತದೆ, ಹಲಗೆ ಕೊಟ್ಟರೆ ಕುಗ್ಗುತ್ತದೆ. ಮೋಟರ್ ಬಿಚ್ಚುವ ಮೊದಲು ಬ್ಲೇಡು ಮೊಂಡಾಗಿದೆಯೇ, ಬೆಲ್ಟ್ ಜಾರುತ್ತಿದೆಯೇ, ವೋಲ್ಟೇಜ್ ಎಷ್ಟಿದೆ ಎಂದು ನೋಡಬೇಕು. ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 184 ಇದ್ದರೆ, ವೋಲ್ಟೇಜ್ ಇಳಿದದ್ದು ನೂರಕ್ಕೆ 20, ಬಲ ಇಳಿದದ್ದು ನೂರಕ್ಕೆ 36. ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ಗರಗಸ ಓಡಿಸುವವರಿಗೆ ಇದು ದಿನನಿತ್ಯದ ಗೋಳು.

ಉತ್ತರ 2

ಕಂಡೆನ್ಸರ್ ಬಗ್ಗೆ. ಅದು ತಪ್ಪು ಪದವಲ್ಲ, ಹಳೆಯ ಪದ. ವೋಲ್ಟಾ 1782ರಲ್ಲಿ ಬಳಸಿದ ಹೆಸರಿನಿಂದಲೇ ಬಂದದ್ದು. ಇಂಗ್ಲಿಷಿನವರು ಆಮೇಲೆ ಕೆಪ್ಯಾಸಿಟರ್ ಎಂದು ಬದಲಿಸಿಕೊಂಡರು, ನಮ್ಮ ವರ್ಕ್‌ಶಾಪು ಬದಲಿಸಿಕೊಳ್ಳಲಿಲ್ಲ. ಅಂಗಡಿಗೆ ಹೋಗಿ ‘ಧಾರಕ ಕೊಡಿ’ ಅಂದರೆ ಕೈಗೆ ಏನೂ ಬರುವುದಿಲ್ಲ. ‘ಕಂಡೆನ್ಸರ್’ ಎಂದೇ ಬರೆದು ಮೊದಲ ಸಲ ಮಾತ್ರ ‘ಪಠ್ಯಗಳ ಧಾರಕ’ ಎಂದು ಸೇರಿಸಿದರೆ ಸಾಕು. ಫ್ರಿಜ್ಜಿನ ಕಂಡೆನ್ಸರ್ ಬೇರೆ ವಸ್ತು, ಗೊಂದಲವಾಗುವ ಸಂದರ್ಭ ಇಲ್ಲಿಲ್ಲ.

ಆದರೆ ‘ಸ್ಟಾರ್ಟಿಂಗ್’ ಮತ್ತು ‘ರನ್ನಿಂಗ್’ ಎಂಬ ವಿಶೇಷಣ ಬಿಡಬೇಡಿ. 1 ಎಚ್‌ಪಿಗೆ ಸ್ಟಾರ್ಟಿಂಗಿನದು ಸಾಮಾನ್ಯವಾಗಿ 100 ಮೈಕ್ರೋಫ್ಯಾರಡ್ ಆಸುಪಾಸು, ಒಂದೆರಡು ಸೆಕೆಂಡಿನ ಕೆಲಸಕ್ಕಷ್ಟೇ ಮಾಡಿದ್ದು. ಅದನ್ನು ರನ್ನಿಂಗ್ (ಮೋಟರ್ ಓಡುವಷ್ಟು ಹೊತ್ತೂ ಕೆಲಸ ಮಾಡುವ) ಕಂಡೆನ್ಸರಿನ ಜಾಗಕ್ಕೆ ಹಾಕಿದರೆ ಸಿಡಿಯುತ್ತದೆ. ಹಳೆಯದರ ಮೇಲಿನ ಅಂಕಿ ಓದಿ ಅದನ್ನೇ ತರಬೇಕು, ವೋಲ್ಟೇಜ್ ಮಾತ್ರ ಹೆಚ್ಚಿದ್ದರೆ ಅಡ್ಡಿಯಿಲ್ಲ. ಮುಟ್ಟುವ ಮೊದಲು ಒಂದು ಸಾಧಾರಣ ಫಿಲಮೆಂಟ್ ಬಲ್ಬಿನ ಎರಡು ತಂತಿ ತಾಗಿಸಿ ಚಾರ್ಜ್ ಇಳಿಸಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ‘ಚಟ್’ ಅನ್ನಿಸುವ ರೂಢಿಯನ್ನು ಕೈಪಿಡಿ ಕಲಿಸದಿರಲಿ.

ಈಗ ‘ಅರ್ಥ್ ಆಗಿದೆ’. ವರ್ಕ್‌ಶಾಪಿನಲ್ಲಿ ‘ಅರ್ಥ್ ಮಾಡಿದೆ’ ಒಳ್ಳೆಯದು, ‘ಅರ್ಥ್ ಆಗಿದೆ’ ಕೆಟ್ಟದ್ದು. ಮೊದಲನೆಯದು ಭೂಮಿಗೆ ಹೋಗುವ ಹಸಿರು ತಂತಿಯನ್ನು ಬಾಡಿಗೆ ಜೋಡಿಸಿದ್ದು. ಎರಡನೆಯದು ವೈಂಡಿಂಗಿನ ಎನಾಮಲ್ (ತಂತಿಯ ಮೇಲಿನ ಕರೆಂಟು ತಡೆಯುವ ಲೇಪ) ಕೆರೆದುಹೋಗಿ ತಾಮ್ರ ಕೋರಿಗೆ (ಸುರುಳಿ ಕೂತ ಕಬ್ಬಿಣಕ್ಕೆ) ತಾಗಿದ್ದು, ಅಂದರೆ ಮುಟ್ಟಿದವರಿಗೆ ಶಾಕ್. ಅಚ್ಚಿನಲ್ಲಿ ಎರಡು ಅಪಾಯಗಳಿವೆ. ‘ಅರ್ಥ್’ ಎಂಬುದರ ಕೊನೆಯ ಹಲಂತ ಗುರುತು (್) ಬಿಟ್ಟರೆ ನಿಮಗಾದಂತೆ ‘ಅರ್ಥ ಆಗಿದೆ’ ಆಗುತ್ತದೆ. ‘ಬಾಡಿಗೆ ಕರೆಂಟ್ ಬರುತ್ತಿದೆ’ ಎಂದು ಬರೆದರೆ ಕರೆಂಟನ್ನು ಬಾಡಿಗೆಗೆ ತಂದಂತಿರುತ್ತದೆ (ಎರಡು ಸಾಲಿನ ಹಿಂದೆ ನಾನೂ ಅದನ್ನೇ ಬರೆದೆ). ‘ವೈಂಡಿಂಗಿನ ಕರೆಂಟು ಮೋಟರಿನ ಬಾಡಿಯಲ್ಲಿ ಸೋರುತ್ತಿದೆ’ ಎನ್ನಿ, ಕೂಡಲೇ ಪರೀಕ್ಷೆಯನ್ನೂ ಬರೆಯಿರಿ: ತಂತಿಗಳನ್ನೆಲ್ಲ ಬಿಡಿಸಿ 500 ವೋಲ್ಟಿನ ಮೆಗ್ಗರ್ (ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ ಮೀಟರ್) ಹಿಡಿದಾಗ 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಓಡಿಸಬಾರದು. ಮಳೆಗಾಲದಲ್ಲಿ ತಂಡಿ ಹಿಡಿದೂ ಹೀಗಾಗುತ್ತದೆ. ಮೋಟರ್ ಬಿಚ್ಚಿ, ಸ್ಟೇಟರಿನೊಳಗೆ (ವೈಂಡಿಂಗ್ ಇರುವ, ತಿರುಗದ ಭಾಗದೊಳಗೆ) ಬಲ್ಬು ಉರಿಸಿ ಒಣಗಿಸಿ ಮತ್ತೆ ಅಳೆದ ಮೇಲೆಯೇ ತೀರ್ಮಾನ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು. ಇನ್ನೊಂದೇ ಸಂದೇಹ: ‘ಕಾರ್ಬನ್ ಮುಗಿದಿದೆಯೇ ನೋಡಿ’ ಎಂಬ ಸಾಲಿದೆ. ಹಾಗೆಯೇ ‘1440 ಸುತ್ತು’ ಎಂದೂ ‘ಕಾಯಿಲಿಗೆ 60 ಸುತ್ತು’ ಎಂದೂ ಬಂದಿದೆ.

ಉತ್ತರ 3

‘ಕಾರ್ಬನ್ ಮುಗಿದಿದೆ’ ಸರಿಯಾದ ಬಳಕೆ, ತಪ್ಪಾದ ಜಾಗ. ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಉಜ್ಜುತ್ತ ಕರೆಂಟು ಮುಟ್ಟಿಸುವ ತುಂಡು) ಸವೆದು ಗಿಡ್ಡವಾಗುವುದಕ್ಕೆ ಹಾಗೆ ಹೇಳುತ್ತಾರೆ. ಆದರೆ ಬ್ರಷ್, ಆರ್ಮೇಚರ್ (ತಂತಿ ಸುತ್ತಿದ ತಿರುಗುವ ಭಾಗ), ಕಾಮ್ಯುಟೇಟರ್ (ಬ್ರಷ್ ಉಜ್ಜುವ ತಾಮ್ರದ ಭಾಗ) ಇರುವುದು ಕೈಯಲ್ಲಿ ಹಿಡಿಯುವ ಗರಗಸದಲ್ಲಿ. ನಿಮ್ಮ ಟೇಬಲ್ ಗರಗಸದ ಇಂಡಕ್ಷನ್ ಮೋಟರಿನಲ್ಲಿ ತಿರುಗುವ ಭಾಗ ರೋಟರ್, ಅದಕ್ಕೆ ಬ್ರಷ್ಷೇ ಇಲ್ಲ. ಬೇರೆ ಅಧ್ಯಾಯದಿಂದ ಜಾರಿ ಬಂದ ಸಾಲು, ತೆಗೆದುಬಿಡಿ.

‘ಸುತ್ತು’ ಎರಡಕ್ಕೂ ಸಲ್ಲುತ್ತದೆ, ಒಂದೇ ಪುಟದಲ್ಲಿ ಬೇಡ. ವೇಗಕ್ಕೆ ‘ಆರ್‌ಪಿಎಂ’ ಇಟ್ಟುಕೊಂಡು ‘ಸುತ್ತು’ ತಂತಿಗೆ ಬಿಡಿ. ಹಳೆಯ ಕಾಯಿಲ್ (ತಂತಿಸುರುಳಿ) ಕೀಳುವಾಗ ಬರೆದುಕೊಳ್ಳಬೇಕಾದದ್ದು: ಒಟ್ಟು ಸ್ಲಾಟ್ (ಕಾಯಿಲ್ ಕೂರುವ ಸೀಳು), ಯಾವ ಸ್ಲಾಟಿನಿಂದ ಯಾವುದಕ್ಕೆ (36 ಸ್ಲಾಟಿನಲ್ಲಿ 1ರಿಂದ 9, 2ರಿಂದ 8, 3ರಿಂದ 7 ಎಂಬಂತೆ), ಒಂದೊಂದು ಕಾಯಿಲಿನ ಸುತ್ತು, ಎನಾಮಲ್ ಕೆರೆದು ಅಳೆದ ಗೇಜ್ (ತಂತಿಯ ದಪ್ಪದ ಅಂಕಿ). ಗೇಜಿನ ಅಂಕಿ ಹೆಚ್ಚಾದಷ್ಟೂ ತಂತಿ ತೆಳು ಎಂಬುದನ್ನೂ ಸೇರಿಸಿ, ಹೊಸಬರು ಉಲ್ಟಾ ತಿಳಿಯುತ್ತಾರೆ. ಸ್ಟಾರ್ಟಿಂಗ್ ವೈಂಡಿಂಗಿನದು ತೆಳು ತಂತಿ, ಮೀಟರಿನಲ್ಲಿ ಓಮ್ ಸಾಮಾನ್ಯವಾಗಿ ಅದಕ್ಕೇ ಹೆಚ್ಚು. ಸುತ್ತು ಕಡಿಮೆ ಹಾಕಿ ತಾಮ್ರ ಉಳಿಸಿದರೆ ಮೋಟರ್ ಖಾಲಿ ಓಡುವಾಗಲೇ ಬಿಸಿಯಾಗುತ್ತದೆ.

ರಿವೈಂಡಿಂಗ್ ಮಾಡಿಸಿ ತಂದ ಮೇಲೆ ‘ಉಲ್ಟಾ ತಿರುಗುತ್ತಿದೆ’ ಎಂಬ ಮಾತೂ ಬೇಕಾಗುತ್ತದೆ. ಮೊದಲು ಬ್ಲೇಡು, ಬೆಲ್ಟು ಇಲ್ಲದೆ ಓಡಿಸಿ ದಿಕ್ಕು ನೋಡುವುದು, ಉಲ್ಟಾ ಇದ್ದರೆ ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತುದಿಗಳನ್ನು ಮಾತ್ರ ಅದಲುಬದಲು ಮಾಡುವುದು. ಪ್ಲಗ್ಗಿನ ಫೇಸು, ನ್ಯೂಟ್ರಲ್ ಅದಲುಬದಲು ಮಾಡಿದರೆ ದಿಕ್ಕು ಬದಲಾಗುವುದಿಲ್ಲ.