ಹಾಸನದ ನಲ್ಲಿ ನೀರು ಮಗುವಿಗೆ ಹಾಗೇ ಕೊಡಬಹುದಾ? ಅನುಭವ ಇದ್ದವರು ಹೇಳಿ

ಕೇಳಿದ್ದು:

ಮುಂದಿನ ತಿಂಗಳು ಮೈಸೂರಿನಿಂದ ಹಾಸನಕ್ಕೆ ಬರ್ತಾ ಇದ್ದೀವಿ. ಸಾಲಗಾಮೆ ರಸ್ತೆ ಕಡೆ ಬಾಡಿಗೆ ಮನೆ ಸಿಕ್ಕಿದೆ. ಹಳೇ ಮನೆ, ಅಂಗಳದಲ್ಲಿ ಸಂಪು, ಮೇಲೆ ಟ್ಯಾಂಕು. ಎರಡು ವರ್ಷದ ಮಗಳಿದ್ದಾಳೆ, ನಾನು ಐದು ತಿಂಗಳ ಬಸುರಿ. ಓನರ್ ಕೇಳಿದರೆ "ಹೇಮಾವತಿ ನೀರಮ್ಮ, ಸಿಹಿ ನೀರು, ಯೋಚನೆ ಮಾಡ್ಬೇಡಿ" ಅಂತಾರೆ. ಪಕ್ಕದ ಮನೆಯವರು ಮಾತ್ರ ಕ್ಯಾನ್ ತರಿಸ್ತಾರೆ. ಪ್ಯೂರಿಫೈಯರ್ ಮಾರೋರು ಬಂದು ಒಂದು ಪೆನ್ನಿನ ಥರದ ಮೀಟರ್ ಅದ್ದಿ 90 ತೋರಿಸಿ, ಆರ್‌ಒ ಅನ್ನೋ ಲವಣ ತೆಗೆಯೋ ಫಿಲ್ಟರ್ ಹಾಕಿಸಲೇಬೇಕು ಅಂದರು. ಹದಿನಾರು ಸಾವಿರವಂತೆ. ಯಾರ ಮಾತು ನಂಬಲಿ? ಈ ಊರಲ್ಲಿ ಇದ್ದು ಅನುಭವಿಸಿದವರು ದಯವಿಟ್ಟು ತಿಳಿಸಿ.

ವಿದ್ಯಾನಗರದಿಂದ:

ನಾವು ಇಪ್ಪತ್ತು ವರ್ಷದಿಂದ ಇದೇ ನೀರು ಕುದಿಸಿ, ಸೋಸಿ ಕುಡೀತಾ ಇದ್ದೀವಿ. ಏನೂ ಆಗಿಲ್ಲ. ಗೊರೂರಿನ ಹೇಮಾವತಿ ಡ್ಯಾಮಿನ ಕಡೆಯಿಂದ ಬರೋ ನೀರಿನ ರುಚಿಗೆ ಬೇರೆ ಊರಿನ ನೆಂಟರು ಎರಡು ಲೋಟ ಜಾಸ್ತಿ ಕುಡೀತಾರೆ. ಕುದಿಸೋದೊಂದು ಬಿಡಬೇಡಿ.

ಹಾಸನದ ಕೆ.ಆರ್. ಪುರಂನಿಂದ:

ಮೇಲಿನವರು ಹೇಳಿದ್ದು ಸುಳ್ಳಲ್ಲ. ಆದರೆ ನಮ್ಮ ಮನೆಯಲ್ಲಿ ಆದದ್ದನ್ನೂ ಕೇಳಿ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ, ಶಾಲೆ ಶುರುವಾಗಿ ಮೂರು ವಾರಕ್ಕೆ, ನಮ್ಮ ಮಗನಿಗೆ ಜ್ವರ ಬಂತು. ಊಟ ಸೇರಲಿಲ್ಲ. ಒಗ್ಗರಣೆ ವಾಸನೆಗೇ ವಾಕರಿಕೆ. ಐದನೇ ದಿನ ಕಣ್ಣಿನ ಬಿಳಿ ಹಳದಿಯಾಗಿತ್ತು. ಕಾಮಾಲೆ. ಅದೇ ವಾರ ನಮ್ಮ ಸಾಲಿನ ಇನ್ನೂ ಎರಡು ಮನೆಯಲ್ಲಿ ಮಕ್ಕಳು ಮಲಗಿದರು. ಶಾಲೆ ನೀರೇ ಇರಬೇಕು ಅಂತ ನಾವೆಲ್ಲ ಶಾಲೆ ಮೇಲೆ ಹೊರಿಸಿದ್ದೆವು. ಆದರೆ ಮೂವರೂ ಬೇರೆ ಬೇರೆ ಶಾಲೆಯ ಮಕ್ಕಳು! ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: "ಒಂದು ತಿಂಗಳ ಹಿಂದೆ ನಿಮ್ಮನೆ ನೀರು ಹೇಗಿತ್ತು?" ಈ ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸು ಹೊಟ್ಟೆಗೆ ಹೋಗಿ ಕಾಯಿಲೆ ಕಾಣಿಸಿಕೊಳ್ಳಲು ಎರಡರಿಂದ ಏಳು ವಾರ ಬೇಕಂತೆ. ಅಂದರೆ ಇವತ್ತಿನ ನೀರು ನೋಡಿ ಏನೂ ಗೊತ್ತಾಗುವುದಿಲ್ಲ.

ಆಗ ನೆನಪಾಯಿತು. ಮೇ ತಿಂಗಳಲ್ಲಿ ನೀರು ಬಿಟ್ಟಾಗ ಮೊದಲ ಐದು ನಿಮಿಷ ಒಂದು ಥರ ಕೊಳೆತ ವಾಸನೆ ಬರುತ್ತಿತ್ತು. ಆಮೇಲೆ ಸರಿಯಾಗುತ್ತಿತ್ತು. ಬೇಸಿಗೆ, ಡ್ಯಾಮಿನಲ್ಲಿ ನೀರು ಕಮ್ಮಿ, ಅದಕ್ಕೇ ಇರಬೇಕು ಅಂದುಕೊಂಡು ಆ ನೀರನ್ನೂ ಸಂಪಿಗೇ ಬಿಟ್ಟುಕೊಂಡಿದ್ದೆವು.

ಪ್ಲಂಬರ್ ಕರೆಸಿ ಮುಖ್ಯ ಪೈಪಿನಿಂದ ಮನೆಗೆ ಬರುವ ಲೈನು ಅಗೆಸಿದೆವು. ಅದು ಮನೆ ಮುಂದಿನ ಮೋರಿಯನ್ನು ದಾಟಿಕೊಂಡೇ ಬರುತ್ತಿತ್ತು, ಮೋರಿಯ ಮೇಲಲ್ಲ, ಒಳಗೆ. ಇಪ್ಪತ್ತೈದು ವರ್ಷದ ಹಳೇ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು. ಕೊಯ್ದು ತೆಗೆದ ಎರಡು ಅಡಿ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಉಗುರಿನಲ್ಲಿ ಕೆರೆದರೆ ತುಕ್ಕು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಕೆಳಭಾಗದಲ್ಲಿ, ಮೋರಿ ನೀರಲ್ಲಿ ಯಾವಾಗಲೂ ಮುಳುಗಿರುತ್ತಿದ್ದ ಕಡೆ, ರಾಗಿ ಕಾಳು ತೂರುವಷ್ಟು ದಪ್ಪದ ಎರಡು ತೂತು. ಅಷ್ಟೇ. ಆ ಎರಡು ತೂತಿಗೆ ನನ್ನ ಮಗ ಆರು ವಾರ ಶಾಲೆ ಬಿಟ್ಟು ಮಲಗಿದ್ದ.

ಇದು ಹೇಗೆ ಆಗುತ್ತದೆ ಅಂತ ಆಮೇಲೆ ಅರ್ಥವಾಯಿತು. ನೀರು ರಭಸವಾಗಿ ಬರುವಾಗ ತೂತಿನಿಂದ ನೀರು ಹೊರಗೆ ಚಿಮ್ಮುತ್ತದೆ, ಮೋರಿ ನೀರು ಒಳಗೆ ಬರುವುದಿಲ್ಲ. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತಾ ಹೋಗುತ್ತದೆ. ಆಗ ಅದೇ ತೂತಿನಿಂದ ಮೋರಿ ನೀರು ಒಳಗೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ. ದಿನವಿಡೀ ನೀರು ಬರುವ ಊರಿನಲ್ಲಿ ಈ ಕಷ್ಟ ಇಷ್ಟಿರುವುದಿಲ್ಲ. ದಿನ ಬಿಟ್ಟು ದಿನ ಬಿಡುವ ಕಡೆ ಯಾವಾಗಲೂ ಇದ್ದದ್ದೇ. ಇದರ ಜೊತೆಗೆ ನಮ್ಮ ಬೀದಿಯಲ್ಲಿ ಮೂರು ಮನೆಯವರು ಲೈನಿಗೇ ನೇರ ಮೋಟಾರ್ ಹಾಕಿದ್ದರು. ಮೋಟಾರ್ ನೀರೊಂದನ್ನೇ ಎಳೆಯುವುದಿಲ್ಲ, ತೂತಿರುವ ಕಡೆಯಿಂದ ಏನು ಸಿಕ್ಕಿದರೂ ಎಳೆಯುತ್ತದೆ. ಅದು ಆ ಮೂರು ಮನೆಗಷ್ಟೇ ಅಲ್ಲ, ಇಡೀ ಸಾಲಿಗೆ ವಿಷ. ಅವರ ಜೊತೆ ಜಗಳ ಮಾಡಲಿಲ್ಲ. ಪೈಪಿನ ತುಂಡನ್ನೇ ತೆಗೆದುಕೊಂಡು ಹೋಗಿ ತೋರಿಸಿದೆ. ಇಬ್ಬರು ಮೋಟಾರ್ ತೆಗೆದರು.

ಆದ್ದರಿಂದ, ತಂಗಿ, ನದಿಯ ಬಗ್ಗೆಯೂ ಡ್ಯಾಮಿನ ಬಗ್ಗೆಯೂ ಕೇಳಬೇಡಿ. ನಿಮ್ಮ ಗೇಟಿನ ಮುಂದಿನ ಮೋರಿಯಲ್ಲಿ ಬಗ್ಗಿ ನೋಡಿ. ಅಪಾಯ ಇರುವುದು ಕೊನೆಯ ಐವತ್ತು ಅಡಿಯಲ್ಲಿ.

ನೀರು ಪರೀಕ್ಷೆ ಕೆಲಸದಲ್ಲಿದ್ದವರೊಬ್ಬರು, ಹೇಮಾವತಿನಗರದಿಂದ:

ಆ ಮೀಟರಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಅದರಿಂದ ಜನ ತುಂಬಾ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಟಿಡಿಎಸ್ ಮೀಟರ್ ತೋರಿಸುವುದು ನೀರಲ್ಲಿ ಕರಗಿರುವ ಲವಣದ ಅಂದಾಜು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದೇ, ಬೇರೆ ಮೂಲ ಇಲ್ಲದಿದ್ದರೆ 2000ವರೆಗೂ ಒಪ್ಪುತ್ತಾರೆ. ನಿಮಗೆ ಬಂದದ್ದು 90. ಅಂಥ ನೀರಿಗೆ ಆರ್‌ಒ ಹಾಕಿ ಇರುವ ಸ್ವಲ್ಪ ಖನಿಜವನ್ನೂ ತೆಗೆದು, ಒಂದು ಲೀಟರಿಗೆ ಎರಡು ಮೂರು ಲೀಟರ್ ಮೋರಿಗೆ ಬಿಡುವುದು ಅನ್ಯಾಯ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ 2019ರಲ್ಲಿ ಹೇಳಿದೆ.

ಮುಖ್ಯವಾದದ್ದು, ಆ ಮೀಟರಿಗೆ ಕ್ರಿಮಿ ಕಾಣುವುದಿಲ್ಲ. ಒಂದು ಲೋಟ ನೀರಿಗೆ ಒಂದು ಹನಿ ಮೋರಿ ನೀರು ಬಿಟ್ಟು ಮತ್ತೆ ಅದ್ದಿ ನೋಡಿ, ಅಂಕಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ನೀವು ನೋಡಬೇಕಾದದ್ದು ಎರಡೇ. ಒಂದು, ನಲ್ಲಿಯಲ್ಲಿ ಕ್ಲೋರಿನ್ ಉಳಿದಿದೆಯೇ ಅಂತ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಕಿಟ್ ಸಿಗುತ್ತದೆ, ಡಿಪಿಡಿ ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರಬೇಕು. ಬಣ್ಣವೇ ಬರದಿದ್ದರೆ ಕ್ಲೋರಿನ್ ಉಳಿದಿಲ್ಲ, ದಾರಿಯಲ್ಲಿ ಯಾವುದೋ ಕೊಳೆಯ ಮೇಲೆ ಹೋರಾಡಿ ಮುಗಿದಿರಬಹುದು. ಇನ್ನೊಂದು, ಎಚ್‌2ಎಸ್ ಬಾಟಲಿ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿರುವ ಜಾಗದಲ್ಲಿಟ್ಟು 24ರಿಂದ 48 ಗಂಟೆ ನೋಡಬೇಕು. ಕಪ್ಪಾದರೆ ಮಲದ ಸಂಪರ್ಕ ಇದೆ ಎಂದು ತಿಳಿಯಿರಿ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದಲ್ಲಿ ನಮ್ಮವರೇ ರೂಪಿಸಿದ ಪರೀಕ್ಷೆ ಇದು, ಹಳ್ಳಿ ಶಾಲೆಯ ಮಕ್ಕಳೂ ಮಾಡುತ್ತಾರೆ. ಬೀದಿ ನಲ್ಲಿಯದೊಂದು, ಅಡುಗೆಮನೆಯದೊಂದು, ಎರಡು ಕಡೆಯಿಂದ ಹಿಡಿಯಿರಿ. ಮೊದಲನೆಯದು ಸರಿಯಿದ್ದು ಎರಡನೆಯದು ಕಪ್ಪಾದರೆ ದೋಷ ನಿಮ್ಮ ಸಂಪಿನದು ಅಥವಾ ಟ್ಯಾಂಕಿನದು. ನಾನು ಕೆಲಸದಲ್ಲಿದ್ದಾಗ ಹೆಚ್ಚಾಗಿ ಕಂಡದ್ದು ಹಾಗೇ.

ಪಕ್ಕಾ ವರದಿ ಬೇಕಾದರೆ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ಜಲ ಜೀವನ್ ಮಿಷನ್ ಬಂದ ಮೇಲೆ ಸಾರ್ವಜನಿಕರಿಗೂ ಕಡಿಮೆ ದರದಲ್ಲಿ ಮಾಡಿಕೊಡುತ್ತಾರೆ. ಹಳೇ ಬಿಸ್ಲೇರಿ ಬಾಟಲಿಯಲ್ಲಿ ಒಯ್ಯಬೇಡಿ. ಸ್ಟೆರೈಲ್ ಬಾಟಲಿ ಅವರಿಂದಲೇ ಪಡೆದು, ತುಂಬಿದ ಮೇಲೆ ತಂಪಾಗಿಟ್ಟು ಅದೇ ದಿನ ತಲುಪಿಸಿ.

ನೀವು ಬಸುರಿ ಅಂದಿರಲ್ಲ, ಅದಕ್ಕೆ ಇನ್ನೊಂದು ಮಾತು. ಕಾಮಾಲೆಯಲ್ಲಿ ಹೆಪಟೈಟಿಸ್ ಇ ಅಂತ ಇದೆ, ಅದೂ ನೀರಿನಿಂದಲೇ ಬರುವುದು. ಕೊನೆಯ ಮೂರು ತಿಂಗಳಲ್ಲಿ ಬಂದರೆ ತಾಯಿಯ ಜೀವಕ್ಕೇ ಅಪಾಯ. ಹೆರಿಗೆ ಆಗುವವರೆಗೆ ಯಾರ ಮನೆಗೆ ಹೋದರೂ, ಎಷ್ಟೇ ಸಂಕೋಚ ಆದರೂ, ಕುದಿಸಿದ ನೀರು ಕೇಳಿ ಕುಡಿಯಿರಿ. ಮಗಳಿಗೆ ಹೆಪಟೈಟಿಸ್ ಎ ಮತ್ತು ಟೈಫಾಯ್ಡ್ ಲಸಿಕೆ ಆಗಿದೆಯೇ ಅಂತ ಮಕ್ಕಳ ಡಾಕ್ಟರನ್ನು ಕೇಳಿ.

ಚಿಕ್ಕಮಗಳೂರು, ಕಲ್ಯಾಣನಗರದಿಂದ:

ನಮ್ಮೂರಿಗೆ ಹಿರೇಕೊಳಲೆ ಕೆರೆ ನೀರೂ ಬರುತ್ತೆ, ಬೇಲೂರಿನ ಯಗಚಿ ಡ್ಯಾಮಿನ ನೀರೂ ಬರುತ್ತೆ. ಯಗಚಿ ಹುಟ್ಟೋದು ನಮ್ಮ ಬಾಬಾಬುಡನ್‌ಗಿರಿ ಸಾಲಿನಲ್ಲೇ. ಇಲ್ಲಿಂದ ಕೆಳಗೆ ಹರಿದು ಹೋದದ್ದನ್ನೇ ಬೇಲೂರಿನಿಂದ ಮತ್ತೆ ಮೇಲಕ್ಕೆ ಪಂಪ್ ಮಾಡಿ ಕುಡೀತೀವಿ. ಅದೇ ಯಗಚಿ ಮುಂದೆ ಗೊರೂರಿನ ಹತ್ತಿರ ಹೇಮಾವತಿಗೆ ಸೇರುತ್ತೆ, ಹಾಗಾಗಿ ನಾವು ಇಲ್ಲಿ ಹಳ್ಳಕ್ಕೆ ಬಿಟ್ಟಿದ್ದು ನಿಮಗೂ ಸಂಬಂಧಪಟ್ಟಿದ್ದೇ. ನಾನು ಕಾಫಿ ಬೆಳೆಗಾರ, ಅದಕ್ಕೇ ಹೇಳ್ತೀನಿ. ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ, ಅಂದರೆ ಪಲ್ಪಿಂಗ್ ಮಾಡೋ ತಿಂಗಳುಗಳಲ್ಲಿ ಪಲ್ಪರ್ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತೆಗೆಯದೆ ಹಳ್ಳಕ್ಕೆ ಬಿಟ್ಟರೆ ಆ ಹಳ್ಳದ ಮೀನು ಉಳಿಯಲ್ಲ. ನಮ್ಮ ತೋಟದಲ್ಲಿ ಎರಡು ಗುಂಡಿ ಮಾಡಿಸಿದ್ದೀವಿ, ಎಲ್ಲರೂ ಮಾಡಿಸಬೇಕು.

ಆಷಾಢದ ಮಳೆಯಲ್ಲಿ ನೀರು ಕೆಂಪಗೆ, ಚಹಾದ ಬಣ್ಣಕ್ಕೆ ಬಂದರೆ ಮೊದಲು ತಿಳಿ ಮಾಡ್ಕೊಳ್ಳಿ. ಕೊಡದ ನೀರಲ್ಲಿ ಪಟಿಕದ ಗಟ್ಟಿ ಹಿಡಿದು ನಾಲ್ಕು ಸುತ್ತು ತಿರುಗಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಸರು ತಳ ಸೇರಿರುತ್ತೆ. ಮೇಲಿನದನ್ನು ಬಗ್ಗಿಸಿ, ನಾಲ್ಕು ಪದರ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ರಾಡಿ ನೀರಿಗೆ ಕ್ಲೋರಿನ್ ಹಾಕಿದರೂ ಸರಿಯಾಗಿ ಕೆಲಸ ಮಾಡಲ್ಲ, ಕ್ರಿಮಿ ಕೊಲ್ಲೋ ಯುವಿ ಮಿಷನ್ನಿನ ಬೆಳಕೂ ಒಳಗೆ ಇಳಿಯಲ್ಲ.

ಇನ್ನು ನೀರು ಹಾಲಿನ ಹಾಗೆ ಬೆಳ್ಳಗೆ ಬಂದರೆ ಗಾಬರಿ ಆಗಬೇಡಿ. ಗಾಜಿನ ಲೋಟಕ್ಕೆ ಹಿಡಿದು ಒಂದು ನಿಮಿಷ ನೋಡಿ. ತಳದಿಂದ ಮೇಲಕ್ಕೆ ತಿಳಿಯಾಗ್ತಾ ಬಂದರೆ ಅದು ಬರೀ ಗಾಳಿ.

ಅರಸೀಕೆರೆ ತಾಲ್ಲೂಕಿನಿಂದ:

ಆರ್‌ಒ ಬೇಡವೇ ಬೇಡ ಅಂತ ಎಲ್ಲರೂ ಅಂದುಕೊಳ್ಳಬಾರದು ಅಂತ ಬರೀತಿದ್ದೀನಿ. ನಮ್ಮ ಕಡೆ, ಆ ಕಡೆ ಕಡೂರು, ಬೋರ್ ನೀರಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಬರುತ್ತೆ, ಉಜ್ಜಿದರೆ ಹೋಗಲ್ಲ. ನನ್ನ ಅಕ್ಕನ ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗ್ತಾಳೆ. ಫ್ಲೋರೈಡ್ ಕುದಿಸಿದರೆ ಹೋಗಲ್ಲ, ನೀರು ಬತ್ತಿದಷ್ಟೂ ಇನ್ನೂ ಗಟ್ಟಿಯಾಗುತ್ತೆ. ಅದಕ್ಕೆ ಆರ್‌ಒ ಬೇಕು. ನಿಮ್ಮ ಮನೆಯಲ್ಲಿ ಬೇಸಿಗೆಗೆ ಬೋರ್ ನೀರು ಸಂಪಿಗೆ ಸೇರಿಸ್ತಾರಾ ಅಂತ ಓನರ್ ಹತ್ರ ಕೇಳಿ. ಸೇರಿಸೋದಾದರೆ ಆ ಬೋರ್ ನೀರನ್ನೂ ಪರೀಕ್ಷೆ ಮಾಡಿಸಿ.

ಪ್ಲಂಬಿಂಗ್ ಕೆಲಸ ಮಾಡುವವರು, ತಣ್ಣೀರುಹಳ್ಳದಿಂದ:

ಮೇಡಂ, ಮೋರಿ ದಾಟೋ ಕಡೆ ಜಿಐ ತೆಗೆಸಿ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಒಂದೇ ತುಂಡಲ್ಲಿ ಹಾಕ್ಸಿ, ಮೋರಿ ಒಳಗೆ ಜಾಯಿಂಟ್ ಬರಬಾರದು. ಆದಷ್ಟು ಮೋರಿ ಮೇಲಿಂದ ತನ್ನಿ. ಸಂಪಿನ ಬಾಯಿ ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಕಟ್ಟಿಸಿ, ಇಲ್ಲಾಂದ್ರೆ ಅಂಗಳ ತೊಳೆದ ನೀರೆಲ್ಲ ಒಳಗೇ. ತೊಳೆದ ಮೇಲೆ ಒಳ್ಳೇ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಬಕೆಟ್ಟಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ. ತೆರೆದಿಟ್ಟ ಪೌಡರಿನಲ್ಲಿ ಸತ್ವ ಇರಲ್ಲ, ಹೊಸಾ ಪ್ಯಾಕೆಟ್ಟೇ ತನ್ನಿ.

ಪೆನ್ಷನ್ ಮೊಹಲ್ಲಾದಿಂದ:

ಕುದಿಸಿ ಅಂತ ಎಲ್ಲರೂ ಹೇಳಿದ್ದಾರೆ, ಕುದಿಸಿದ ಮೇಲಿನದನ್ನು ಯಾರೂ ಹೇಳಲಿಲ್ಲ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಹತ್ತು ನಿಮಿಷ ಗ್ಯಾಸ್ ಉರಿಸಬೇಕಿಲ್ಲ. ಕುದಿಸಿದ ಪಾತ್ರೆಯಲ್ಲೇ ಆರಬೇಕು. ಆರಿದ ಮೇಲೆ ನಲ್ಲಿ ಇರುವ ಸ್ಟೀಲ್ ಡ್ರಮ್ಮಿಗೆ ಬಗ್ಗಿಸಿ. ನಮ್ಮತ್ತೆ ಕುದಿಸಿದ ನೀರಿಗೆ ಚೊಂಬು ಅದ್ದಿ, ಬೆರಳೂ ಅದ್ದಿ ಮೊಮ್ಮಗನಿಗೆ ಕೊಡುತ್ತಿದ್ದರು, ಭೇದಿ ನಿಲ್ಲುತ್ತಲೇ ಇರಲಿಲ್ಲ. ಡ್ರಮ್ ತಂದ ಮೇಲೆ ನಿಂತಿತು. ಕ್ಯಾನ್ ನೀರು ತರಿಸಿದರೆ ಸೀಲ್ ಮತ್ತು ಐಎಸ್‌ಐ ಗುರುತು ನೋಡಿ, ಬರೀ ತಣ್ಣಗಿದೆ ಅಂತ ತಗೋಬೇಡಿ.

ಕೇಳಿದವರೇ ಮತ್ತೆ ಬರೆದದ್ದು:

ಎಲ್ಲರಿಗೂ ಕೈಮುಗಿಯುತ್ತೇನೆ. ಮನೆಗೆ ಬಂದು ಹದಿನೆಂಟು ದಿನ ಆಯಿತು. ಮೊದಲ ದಿನವೇ ಕೆ.ಆರ್. ಪುರಂನವರು ಹೇಳಿದ ಹಾಗೆ ಮೋರಿಯಲ್ಲಿ ಬಗ್ಗಿ ನೋಡಿದೆ. ನಮ್ಮ ಪೈಪು ಮೋರಿಯ ಮೇಲೇ ಬಂದಿದೆ, ಹೊಸದು. ಬೀದಿ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷೆಗೆ ತಿಳಿ ಗುಲಾಬಿ ಬಂತು, ಅಡುಗೆಮನೆಯಲ್ಲಿ ಬಣ್ಣವೇ ಬರಲಿಲ್ಲ. ಎಚ್‌2ಎಸ್ ಬಾಟಲಿ ಎರಡಿಟ್ಟೆ. ಬೀದಿ ನಲ್ಲಿಯದು ಹಾಗೇ ಇತ್ತು, ಅಡುಗೆಮನೆಯದು ಮಾರನೇ ಬೆಳಿಗ್ಗೆಗೆ ಕಾಡಿಗೆಯಷ್ಟು ಕಪ್ಪು.

ಎರಡು ಬಾಟಲಿಯನ್ನೂ ಓನರ್ ಮುಂದೆ ಇಟ್ಟೆ. ಅವರು ಒಂದು ಮಾತೂ ಆಡದೆ ಜನ ಕರೆಸಿದರು. ಸಂಪಿನಿಂದ ಮೂರು ಬಕೆಟ್ ಕೆಸರು ಬಂತು, ಅದರಲ್ಲಿ ಜಿರಲೆ, ಎಲೆ, ಒಂದು ಪ್ಲಾಸ್ಟಿಕ್ ಚೆಂಡು. ಮುಚ್ಚಳದ ಒಂದು ಮೂಲೆ ಒಡೆದು ಅಂಗಳದ ನೀರು ಅಲ್ಲಿಂದಲೇ ಇಳಿಯುತ್ತಿತ್ತು. ಬಾಯಿ ಎತ್ತರಿಸಿ ಹೊಸ ಮುಚ್ಚಳ ಹಾಕಿಸಿದ್ದಾರೆ. ಬೋರ್ ಸಂಪರ್ಕ ಇಲ್ಲವಂತೆ. ಆರ್‌ಒ ಬೇಡ ಅಂದೆ, ನಲ್ಲಿ ಇರುವ ಡ್ರಮ್ ತಂದೆ.

ನಿನ್ನೆ ಬೆಳಿಗ್ಗೆ ಅಡುಗೆಮನೆ ನೀರಿಗೆ ಮತ್ತೊಂದು ಬಾಟಲಿ ಇಟ್ಟಿದ್ದೇನೆ. ಮೂವತ್ತು ಗಂಟೆ ಆಯಿತು, ಬಣ್ಣ ಬದಲಾಗಿಲ್ಲ. ನಾಳೆ ಬೆಳಿಗ್ಗೆವರೆಗೆ ನೋಡಿ ತಿಳಿಸುತ್ತೇನೆ.