ಗೀಸರ್ ಹಾಕಿದರೆ ಆರ್‌ಸಿಸಿಬಿ ಬೀಳುತ್ತದೆ, ತೆಗೆಸಿಬಿಡೋದಾ?

ತುಮಕೂರ್_ಮಗಳು:
ನಮ್ಮ ಹಳೇ ಮನೆಗೆ ಹೋದ ವರ್ಷ ಹೊಸ ಮೇನ್ ಬೋರ್ಡ್ ಹಾಕಿಸಿದೆವು. ಅದರಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಇದೆ. ಈಗ ಬೆಳಿಗ್ಗೆ ಗೀಸರ್ ಹಾಕಿದರೆ ಸ್ವಲ್ಪ ಹೊತ್ತಿಗೆ ಇಡೀ ಮನೆಯ ಕರೆಂಟ್ ಹೋಗುತ್ತದೆ. ಅಮ್ಮನ ಸ್ನಾನದ ಹೊತ್ತಿಗೇ ಇದರ ಗೋಳು. ಎಲೆಕ್ಟ್ರಿಷಿಯನ್ "ಸುಮ್ನೆ ಕಿರಿಕಿರಿ ಮೇಡಂ, ಬೈಪಾಸ್ ಮಾಡಿಬಿಡ್ತೀನಿ, ಹೇಗೂ ಎಂಸಿಬಿ ಇದೆಯಲ್ಲ" ಅಂತಾರೆ. ಮಾಡಿಸಬಹುದಾ?

ವೈರಿಂಗ್ ಮೇಷ್ಟ್ರು:
ಖಂಡಿತ ಬೇಡಮ್ಮ. ಐಟಿಐಯಲ್ಲಿ ಇದನ್ನೇ ಕಲಿಸಿ ನಿವೃತ್ತನಾದವನು, ಸ್ವಲ್ಪ ಉದ್ದ ಬರೆದರೆ ಬೇಜಾರಾಗಬೇಡಿ.

ಎಂಸಿಬಿ ಇರುವುದು ಕರೆಂಟ್ ಮಿತಿ ಮೀರಿದರೆ ಆಫ್ ಆಗಿ ವೈರ್ ಸುಡದ ಹಾಗೆ ಕಾಯೋದಕ್ಕೆ. 2000 ವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರ್ ಎಂಸಿಬಿ ಹಾಕಿರುತ್ತಾರೆ. ಜೀವ ಹೋಗೋಕೆ ಒಂದು ಆಂಪಿಯರಿನ ಹತ್ತರಲ್ಲಿ ಒಂದು ಪಾಲು ಸಾಕು. ಅಷ್ಟು ಚಿಲ್ಲರೆ ಕರೆಂಟ್ ಎಂಸಿಬಿಯ ಲೆಕ್ಕಕ್ಕೇ ಬರುವುದಿಲ್ಲ. ಆರ್‌ಸಿಸಿಬಿ ಮಾತ್ರ ಫೇಸ್‌ನಲ್ಲಿ ಹೋದದ್ದೆಲ್ಲ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ನೋಡುತ್ತಲೇ ಇರುತ್ತದೆ. 30 ಮಿಲಿಆಂಪಿಯರ್, ಅಂದರೆ ಆಂಪಿಯರಿನ ಸಾವಿರದಲ್ಲಿ 30 ಪಾಲು, ಖೋತಾ ಆದರೆ ತಟ್ಟನೆ ಬೀಳುತ್ತದೆ.

ನಿಮ್ಮದು ಬೋರ್‌ವೆಲ್ ನೀರು ಇರಬೇಕು, ಅಲ್ವಾ? ಗಡಸು ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ. ಅದರಡಿ ಕಾಯಿಲ್ ವಿಪರೀತ ಕಾದು ಹೊರಗಿನ ಲೋಹದ ಕೊಳವೆ ಸೀಳುತ್ತದೆ. ಸೀಳಿನಲ್ಲಿ ನೀರು ನುಗ್ಗಿದರೆ ಕರೆಂಟ್ ಟ್ಯಾಂಕಿಗೆ ಇಳಿಯುತ್ತದೆ. ಇಷ್ಟಾದರೂ ನೀರು ಬಿಸಿಯಾಗುತ್ತಲೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಅರ್ಥಿಂಗ್ ಸರಿಯಿದ್ದರೆ ಕರೆಂಟ್ ಆ ದಾರಿ ಹಿಡಿದು ನೆಲಕ್ಕೆ ಹೋಗುತ್ತದೆ. ಹಳೇ ಮನೆಯಲ್ಲಿ ಅರ್ಥ್ ವೈರ್ ತುಕ್ಕು ಹಿಡಿದು ಕಡಿದಿದ್ದರೆ? ನಲ್ಲಿ ಮುಟ್ಟಿದವರ ಮೈಯೇ ದಾರಿ.

ಗೀಸರ್ ಪ್ಲಗ್ಗನ್ನೇ ಕಿತ್ತು ನೋಡಿ, ಆಮೇಲೆ ಬೀಳದಿದ್ದರೆ ಸೋರಿಕೆ ಗೀಸರಿನದ್ದೇ. ಬರೀ ಸ್ವಿಚ್ ಆರಿಸಿದರೆ ಸಾಲದು, ನ್ಯೂಟ್ರಲ್ ತಗುಲಿಕೊಂಡೇ ಇರುತ್ತದೆ, ಆ ದಾರಿಯಲ್ಲೂ ಸೋರಬಹುದು.

ಚಾಮರಾಜಪೇಟೆ ಕಿಟ್ಟಿ:
ಗೀಸರ್ ಕಿತ್ತರೂ ಬಿದ್ದರೆ ಯುಪಿಎಸ್ ವೈರಿಂಗ್ ನೋಡಿಸಿ. ನಮ್ಮಲ್ಲಿ ಯುಪಿಎಸ್ ಲೈನಿನ ನ್ಯೂಟ್ರಲನ್ನು ಆರ್‌ಸಿಸಿಬಿ ದಾಟಿಸಿ ಆಚೆ ಕಡೆಗೆ ಸೇರಿಸಿದ್ದರು. ವಾಪಸ್ ಬರೋ ಕರೆಂಟ್ ಅದರ ಲೆಕ್ಕಕ್ಕೆ ಸಿಗದೆ ಫ್ಯಾನ್ ಹಾಕಿದರೂ ಟಪ್ ಅಂತ ಬೀಳೋದು.

ತುಮಕೂರ್_ಮಗಳು:
ಪ್ಲಗ್ ಕಿತ್ತ ಮೇಲೆ ಒಂದು ಸಲವೂ ಬಿದ್ದಿಲ್ಲ! ಕಾಯಿಲ್ ಬಿಚ್ಚಿಸಿದೆವು. ಸುಣ್ಣ ಕೆರೆದರೆ ಉಗುರಿನಷ್ಟು ಉದ್ದದ ಬಿರುಕು. ಹೊಸದು ಹಾಕಿಸ್ತಿದ್ದೀವಿ. ಆದರೆ ಎಲೆಕ್ಟ್ರಿಷಿಯನ್ ಈಗ 100 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕೋಣ, ಜಾಸ್ತಿ ಬೀಳಲ್ಲ ಅಂತಿದ್ದಾರೆ.

ವೈರಿಂಗ್ ಮೇಷ್ಟ್ರು:
ಆ ಮನುಷ್ಯ ಬಿಡೋ ಹಾಗೆ ಕಾಣಲ್ಲ! 100, 300ರದ್ದು ಬೆಂಕಿ ಅನಾಹುತ ತಡೆಯೋಕೆ ಆಗುತ್ತದೆ. ಜನರಿಗೆ 30ರದ್ದೇ ಇರಲಿ. ಅದರ ಮೇಲೆ 'ಟಿ' ಅನ್ನೋ ಬಟನ್ ಇದೆ, ಆಗಾಗ ಒತ್ತಿ. ಬೀಳದಿದ್ದರೆ ಬದಲಿಸಿ. ಆ ಬಟನ್ನಿಗೆ ಅರ್ಥಿಂಗ್ ಸಂಗತಿ ಗೊತ್ತಾಗಲ್ಲ, ಅದನ್ನು ಮೀಟರ್ ಇಟ್ಟು ಅಳೆಸಿ. ಬೇರೆ ಎಲೆಕ್ಟ್ರಿಷಿಯನ್ ಕೈಲಿ.